ಊರು ಗೇಟಿನ ಒಳಗೆ ಬರಬೇಕು

(ಚಿಕ್ಕಮಗಳೂರಿನಲ್ಲಿ ಕಾಲೇಜು ಅಧ್ಯಾಪಕರು, ಬೆಳೆಗಾರರು ಮತ್ತು ಪಂಚಾಯಿತಿ ಸದಸ್ಯರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಕಾಲೇಜಿಗೂ ಊರಿಗೂ ಸಂಬಂಧ ಹೇಗಿದೆ ಅಂತ ಯಾರಾದರೂ ಕೇಳಿದರೆ, ನಾವು ಅಧ್ಯಾಪಕರು ಮೊದಲು ಒಂದು ಫೈಲ್ ತೆಗೆಯುತ್ತೇವೆ. ಅದರಲ್ಲಿ ಒಡಂಬಡಿಕೆ ಪತ್ರಗಳಿರುತ್ತವೆ. ಒಂದು ಕಂಪನಿ ಜೊತೆ, ಒಂದು ಬ್ಯಾಂಕಿನ ಜೊತೆ, ಒಂದು ಆಸ್ಪತ್ರೆ ಜೊತೆ. ಸಹಿ, ಸೀಲು, ಶಾಲು ಹೊದಿಸಿದ ಫೋಟೊ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಆ ಫೈಲ್ ಬೇಕೇ ಬೇಕು. ಅದನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಆದರೆ ಇವತ್ತು ನಿಮ್ಮ ಮುಂದೆ ಬೇರೆ ಪ್ರಶ್ನೆ ಇಡುತ್ತೇನೆ. ಆ ಸಹಿ ಆದಮೇಲೆ ಕಾಲೇಜಿನ ಒಳಗೆ ಏನು ಬದಲಾಯಿತು? ಟೈಮ್‌ಟೇಬಲ್ ಬದಲಾಯಿತಾ? ಪಾಠದಲ್ಲಿ ಒಂದಾದರೂ ಹೊಸ ಅಧ್ಯಾಯ ಸೇರಿತಾ? ಊರಿನವರು ಯಾರಾದರೂ ಬಂದು ತರಗತಿ ತೆಗೆದುಕೊಂಡರಾ? ಇದರಲ್ಲಿ ಯಾವುದೂ ಆಗಿಲ್ಲ ಅಂದರೆ ಊರು ಇನ್ನೂ ಗೇಟಿನ ಹೊರಗೇ ನಿಂತಿದೆ.

ಸಮುದಾಯ ಕಾಲೇಜಿನ, ಅಂದರೆ ಊರಿನವರಿಗೆ ಊರಲ್ಲೇ ಕೆಲಸಕ್ಕೆ ಬೇಕಾದ ಸಣ್ಣ ಕೋರ್ಸು ಕಲಿಸುವ ಕಮ್ಯುನಿಟಿ ಕಾಲೇಜಿನ ಮಟ್ಟಿಗೆ ಇದು ಸಣ್ಣ ವಿಷಯ ಅಲ್ಲ. ಈ ಬಗೆಯ ಕಾಲೇಜು ಹುಟ್ಟಿದ್ದೇ ಊರಿನ ಕಾರಣಕ್ಕೆ. 1901ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ, ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥರೂ ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷರೂ ಸೇರಿ ಹೈಸ್ಕೂಲಿನಲ್ಲೇ ಕಾಲೇಜಿನ ಮೊದಲ ವರ್ಷಗಳ ಪಾಠ ಶುರು ಮಾಡಿದರು. ಮೊದಲಿಗೆ ಸೇರಿದವರು 6 ವಿದ್ಯಾರ್ಥಿಗಳು. ಊರು ಬಿಡದೆ ಮುಂದೆ ಓದಬೇಕು ಅನ್ನುವ ಮಕ್ಕಳಿಗಾಗಿ ಮಾಡಿದ ಏರ್ಪಾಡು ಅದು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗದ ವರದಿ ಬಂತು. ಕಮ್ಯುನಿಟಿ ಕಾಲೇಜು ಅನ್ನುವ ಹೆಸರು ಎಲ್ಲ ಕಡೆ ಬಳಕೆಗೆ ಬಂದದ್ದು ಆಮೇಲೆ. ನಮ್ಮ ದೇಶದಲ್ಲಿ 1995ರಲ್ಲಿ ಪುದುಚೇರಿಯಲ್ಲಿ, ಮರುವರ್ಷ ಚೆನ್ನೈಯಲ್ಲಿ ಇಂಥ ಕಾಲೇಜು ಶುರುವಾದವು. 12ನೇ ಪಂಚವಾರ್ಷಿಕ ಯೋಜನೆಯಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಇದಕ್ಕಾಗಿಯೇ ಒಂದು ಯೋಜನೆ ತಂದಿತು.

ಆ ಯೋಜನೆಯ ಕಟ್ಟಡ ಚೆನ್ನಾಗಿದೆ. ಆರು ತಿಂಗಳು ಓದಿ 30 ಕ್ರೆಡಿಟ್ ಪಡೆದರೆ ಸರ್ಟಿಫಿಕೇಟ್. ಒಂದು ವರ್ಷ ಓದಿ 60 ಕ್ರೆಡಿಟ್ ಪಡೆದರೆ ಡಿಪ್ಲೊಮಾ. ಎರಡು ವರ್ಷಕ್ಕೆ 120, ಅದು ಅಡ್ವಾನ್ಸ್‌ಡ್ ಡಿಪ್ಲೊಮಾ. ಪಾಠದಲ್ಲಿ ಶೇ 60 ಭಾಗ ಕೈಕೆಲಸ, ಶೇ 40 ಭಾಗ ಸಾಮಾನ್ಯ ಶಿಕ್ಷಣ. ಮಧ್ಯದಲ್ಲಿ ಬಿಟ್ಟು ಹೋಗಿ ಮತ್ತೆ ಬಂದು ಸೇರಬಹುದು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಕಾಫಿ ಕೊಯ್ಲಿನ ಮಾತು ಬಂದಾಗ ಬೇಕಾಗುತ್ತದೆ.

ಈಗ ಮೊದಲ ಪ್ರಶ್ನೆ. ಊರು ಅಂದರೆ ಯಾರು? ನಮ್ಮ ಜಿಲ್ಲೆಯಲ್ಲಿ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆ ಹೋದರೆ ಕಾಫಿ, ಅಡಿಕೆ, ಮೆಣಸು. ಕಡೂರು, ಅಜ್ಜಂಪುರದ ಕಡೆ ಇಳಿದರೆ ತೆಂಗು, ಈರುಳ್ಳಿ, ರಾಗಿ. ಒಂದು ಕಡೆ ಮಳೆ ನಿಲ್ಲುವುದಿಲ್ಲ ಅನ್ನುವ ಚಿಂತೆ, ಇನ್ನೊಂದು ಕಡೆ ಬೋರ್‌ವೆಲ್ ಬತ್ತುವ ಚಿಂತೆ. ಶೃಂಗೇರಿ ಕಾಲೇಜಿಗೆ ಒಪ್ಪುವ ಕೋರ್ಸು ಕಡೂರಿಗೆ ಒಪ್ಪಬೇಕು ಅಂತೇನಿಲ್ಲ. ಆದ್ದರಿಂದ ಜಿಲ್ಲೆಗೆಲ್ಲ ಒಂದೇ ಯೋಜನೆ ಅನ್ನುವ ಮಾತನ್ನು ದಯವಿಟ್ಟು ಮೊದಲೇ ಬಿಟ್ಟುಬಿಡಿ.

ಇನ್ನೊಂದು ವಿಷಯ ನನಗೆ ಜಾಸ್ತಿ ಮುಖ್ಯ. ಕಾಲೇಜು ಊರಿನವರ ಸಭೆ ಕರೆದರೆ ಯಾರು ಬರುತ್ತಾರೆ? ಎಸ್ಟೇಟ್ ಇರುವವರು, ಹೋಂಸ್ಟೇ ನಡೆಸುವವರು, ಬ್ಯಾಂಕ್ ಮ್ಯಾನೇಜರು, ವರ್ತಕರು. ಬರಲಿ, ಅವರು ಬೇಕು. ಆದರೆ ನಮ್ಮ ತರಗತಿಯಲ್ಲಿ ಕೂತಿರುವ ಮಕ್ಕಳು ಎಷ್ಟೋ ಜನ ಲೈನ್ ಮನೆಯಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಯಿಂದ ಬಂದವರು. ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರು. ಅವರ ಅಪ್ಪ ಅಮ್ಮ ಆ ಸಭೆಯಲ್ಲಿ ಇರುವುದಿಲ್ಲ. ಕರೆದರೂ ಬರುವುದು ಕಷ್ಟ. ಮಧ್ಯಾಹ್ನ 3 ಗಂಟೆಗೆ ಸಭೆ ಇಟ್ಟರೆ ಅವರು ಅರ್ಧ ದಿನದ ಕೂಲಿ ಬಿಡಬೇಕು. ಹಾಗಾಗಿ ಅವರ ಮಾತು ಕೇಳಬೇಕು ಅಂದರೆ ಕಾಲೇಜೇ ಸಂಜೆ ಹೊತ್ತು ಲೈನಿಗೆ ಹೋಗಬೇಕು, ಇಲ್ಲವೇ ಸಂತೆಯ ದಿನ ಸಂತೆಮಾಳದ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು ಕೂರಬೇಕು. ಉದ್ಯೋಗ ಕೊಡುವವರನ್ನು ಮಾತ್ರ ಕೇಳಿ ಮಾಡಿದ ಕೋರ್ಸು ಉದ್ಯೋಗ ಕೊಡುವವರಿಗೆ ಮಾತ್ರ ಒಳ್ಳೆಯದು ಮಾಡುತ್ತದೆ. ಕೆಲಸ ಕಲಿತ ಹುಡುಗನಿಗೆ ಅದರಿಂದ ಎರಡು ಕಾಸು ಜಾಸ್ತಿ ಸಿಗುತ್ತಾ ಅಂತ ಕೇಳುವವರೂ ಮೇಜಿನ ಎದುರು ಇರಬೇಕು.

ಹೇಗೆ ಕೇಳಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ. ‘ನಿಮಗೆ ಯಾವ ಕೋರ್ಸ್ ಬೇಕು’ ಅಂತ ಕೇಳಿದರೆ ಎಲ್ಲರೂ ಕಂಪ್ಯೂಟರ್ ಅನ್ನುತ್ತಾರೆ, ಸ್ಪೋಕನ್ ಇಂಗ್ಲಿಷ್ ಅನ್ನುತ್ತಾರೆ. ಅದು ತಪ್ಪು ಉತ್ತರ ಅಂತಲ್ಲ. ಆ ಪ್ರಶ್ನೆಗೆ ಬರುವುದೇ ಅಂಥ ಉತ್ತರ. ಅದರ ಬದಲು ಹೀಗೆ ಕೇಳಿ ನೋಡಿ: ‘ಹೋದ ವರ್ಷ ಜನ ಸಿಗದೆ ನಿಮ್ಮಲ್ಲಿ ಯಾವ ಕೆಲಸ ನಿಂತಿತು? ಏನು ಕೆಟ್ಟಾಗ ರಿಪೇರಿಗೆ ಎಲ್ಲಿಗೆ ಕಳಿಸಿದಿರಿ? ವಾಪಸ್ ಬರಲು ಎಷ್ಟು ದಿನ ಆಯಿತು?’ ಆಗ ಬರುವ ಉತ್ತರವೇ ಬೇರೆ.

ಕಾಫಿ ಸೀಮೆಯಲ್ಲಿ ಈ ಪ್ರಶ್ನೆ ಹಾಕಿದರೆ ಮೊದಲು ಬರುವ ಮಾತು ವೀಡ್ ಕಟರ್. ಕಳೆ ತೆಗೆಯಲು ಆಳು ಸಿಗುತ್ತಿಲ್ಲ, ಹಾಗಾಗಿ ಮನೆಮನೆಗೆ ಯಂತ್ರ ಬಂದಿದೆ. ಯಂತ್ರ ಬಂತು, ಮೆಕ್ಯಾನಿಕ್ ಬರಲಿಲ್ಲ. ಕಾರ್ಬುರೇಟರ್ ಕಟ್ಟಿಕೊಂಡರೆ ಪೇಟೆಗೆ ಹೊತ್ತು ತರಬೇಕು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೂಡ ಹಾಗೇ. ಹಣ್ಣು ಕೊಯ್ದ ದಿನವೇ ಪಲ್ಪಿಂಗ್ ಆಗಬೇಕು, ಅವತ್ತು ಯಂತ್ರ ಕೈಕೊಟ್ಟರೆ ಹಣ್ಣು ಹಾಳಾಗುತ್ತದೆ. ಇನ್ನು ಸ್ಪ್ರಿಂಕ್ಲರ್ ಪಂಪು. ರೊಬಸ್ಟಾ ಕಾಫಿ ಇರುವವರಿಗೆ ನಾನು ಹೇಳಬೇಕಾಗಿಲ್ಲ. ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ನೀರು ಹಾರಿಸಲೇಬೇಕು, ಆಮೇಲೆ ಬ್ಯಾಕಿಂಗ್, ಅಂದರೆ ಇನ್ನೊಂದು ಸಲ ನೀರು ಕೊಡಬೇಕು. ಆ ಕೆಲವೇ ದಿನಗಳಲ್ಲಿ ಪಂಪು ಕೆಟ್ಟು ಕೂತರೆ ಮುಂದಿನ ವರ್ಷದ ಫಸಲಿಗೇ ಪೆಟ್ಟು. ಇಂಥ ಕಡೆ ಒಂದು ಕಾಲೇಜು ಆರು ತಿಂಗಳ ಸಣ್ಣ ಎಂಜಿನ್ ಮತ್ತು ಪಂಪು ರಿಪೇರಿ ಕೋರ್ಸು ಶುರು ಮಾಡಿದರೆ ಊರಿಗೆ ಕಾಲೇಜಿನ ಮೇಲೆ ಹುಟ್ಟುವ ನಂಬಿಕೆಯೇ ಬೇರೆ. ಹತ್ತು ವಿಚಾರ ಸಂಕಿರಣದಿಂದ ಅದು ಬರುವುದಿಲ್ಲ.

ಕಾಫಿ ಜಿಲ್ಲೆ ಅಂದ ತಕ್ಷಣ ನಮ್ಮ ಕಾಲೇಜುಗಳಿಗೆ ಹೊಳೆಯುವುದು ಬರಿಸ್ತಾ ಕೋರ್ಸು, ಅಂದರೆ ಕೆಫೆಯಲ್ಲಿ ಕಾಫಿ ಮಾಡಿಕೊಡುವ ಕೆಲಸದ್ದು. ಮಾಡಲಿ, ಅದಕ್ಕೂ ಕೆಲಸ ಇದೆ. ಆದರೆ ಅದನ್ನು ಕಲಿತ ಮಕ್ಕಳಲ್ಲಿ ಹೆಚ್ಚಿನವರು ಬೆಂಗಳೂರಿನ ಬಸ್ ಹತ್ತುತ್ತಾರೆ. ಊರಲ್ಲೇ ಇರಬೇಕು ಅನ್ನುವವರಿಗೆ ಒಂದು ದಾರಿ ಬೇಕಲ್ವಾ?

ಎರಡನೆಯ ಉತ್ತರ ಲೆಕ್ಕದ್ದು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಕೆಲಸ ಅಂದರೆ ಚೆಕ್‌ರೋಲು (ಕೆಲಸಗಾರರ ಹಾಜರಿ ಪುಸ್ತಕ), ಪಿಎಫ್, ಕೊಯ್ಲಿನ ತೂಕ, ಮೂಟೆಗಳ ಲೆಕ್ಕ. ನಮ್ಮ ಬಿ.ಕಾಂ. ಮಕ್ಕಳು ಟ್ಯಾಲಿ ಕಲಿಯುತ್ತಾರೆ, ಆದರೆ ಓಟಿ ಅಂದರೆ ಏನು ಅಂತ ತರಗತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಬಯಲು ಸೀಮೆಯಿಂದ ಬಂದವರಿಗಾಗಿ ಹೇಳುತ್ತೇನೆ. 50 ಕೆ.ಜಿ. ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಮೂಟೆಯಿಂದ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನುವುದೇ ಓಟಿ. ವ್ಯಾಪಾರಿ 26 ಅಂದ, ನಿಜಕ್ಕೂ 28 ಇತ್ತು ಅಂತಿಟ್ಟುಕೊಳ್ಳಿ. ಒಂದು ಮೂಟೆಗೆ 2 ಕೆ.ಜಿ. ಹೋಯಿತು. 100 ಮೂಟೆ ಮಾರಿದವನಿಗೆ 200 ಕೆ.ಜಿ. ಬೀಜದ ದುಡ್ಡು ಹೋಯಿತು. ದೊಡ್ಡ ಬೆಳೆಗಾರರು ಇದನ್ನೆಲ್ಲ ನೋಡಿಕೊಳ್ಳುತ್ತಾರೆ. ಎರಡು ಎಕರೆ, ಮೂರು ಎಕರೆ ಇರುವವರ ಕಥೆ ಏನು? ಅವರ ಮನೆಯ ಹುಡುಗಿಯೇ ನಮ್ಮ ಬಿ.ಕಾಂ. ತರಗತಿಯಲ್ಲಿ ಕೂತಿದ್ದಾಳೆ. ಸ್ಯಾಂಪಲ್ ತೆಗೆಯುವುದು, ಸಿಪ್ಪೆ ಬಿಡಿಸಿ ತೂಗುವುದು, ತೇವಾಂಶ ನೋಡುವುದು, ಕೈಯಲ್ಲೇ ಲೆಕ್ಕ ಹಾಕುವುದು. ಇದಕ್ಕೆ ನಾಲ್ಕು ತರಗತಿ ಸಾಕು. ಆ ನಾಲ್ಕು ತರಗತಿ ಪಾಠದಲ್ಲಿ ಸೇರಿತು ಅಂದರೆ ಊರು ಕಾಲೇಜಿನ ಒಳಗೆ ಬಂತು ಅಂತ ಲೆಕ್ಕ. ಅದಕ್ಕೆ ಯಾವ ಒಡಂಬಡಿಕೆಯೂ ಬೇಡ.

ಮೂರನೆಯ ಉತ್ತರ ಕೇಳುವಾಗ ಜನ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಈಗ ಇಬ್ಬರೇ ಇರುತ್ತಾರೆ, ಅಜ್ಜ ಮತ್ತು ಅಜ್ಜಿ. ಮಕ್ಕಳು ಬೆಂಗಳೂರಲ್ಲಿ, ಇಲ್ಲ ಹೊರದೇಶದಲ್ಲಿ. ಶುಗರ್ ನೋಡಲು, ಮಾತ್ರೆ ಕೊಡಲು, ಬಿದ್ದರೆ ಎತ್ತಲು ತಿಳಿದವರು ಬೇಕು. ಈಗ ಆ ಕೆಲಸ ಮಾಡುತ್ತಿರುವವರು ಪಕ್ಕದ ಹಳ್ಳಿಯ ಹೆಣ್ಣುಮಕ್ಕಳೇ, ಆದರೆ ಅವರಿಗೆ ತರಬೇತಿ ಇಲ್ಲ, ಅದಕ್ಕೇ ಸಂಬಳವೂ ಕಡಿಮೆ. ಇದನ್ನು ಆರೈಕೆಯ ಕೋರ್ಸಾಗಿ ಮಾಡಿ, ಆಸ್ಪತ್ರೆಯಲ್ಲಿ ಅಭ್ಯಾಸಕ್ಕೆ ಬಿಟ್ಟು, ಕೈಗೆ ಸರ್ಟಿಫಿಕೇಟ್ ಕೊಟ್ಟರೆ ಅವರು ಕೇಳುವ ಸಂಬಳಕ್ಕೂ ಒಂದು ಬೆಲೆ ಬರುತ್ತದೆ.

ಅಮೆರಿಕದಲ್ಲಿ 2018ರ ಕಾನೂನಿನ ಪ್ರಕಾರ, ವೃತ್ತಿ ಶಿಕ್ಷಣಕ್ಕೆ ಕೇಂದ್ರದ ದುಡ್ಡು ಬೇಕಾದರೆ ಕಾಲೇಜು ಎರಡು ವರ್ಷಕ್ಕೊಮ್ಮೆ ತನ್ನ ಊರಿನ ಅಗತ್ಯ ಏನು ಅಂತ ಅಳೆದು ತೋರಿಸಬೇಕು. ಉದ್ಯೋಗ ಕೊಡುವವರು, ಪೋಷಕರು, ವಿದ್ಯಾರ್ಥಿಗಳು ಎಲ್ಲರನ್ನೂ ಕೇಳಲೇಬೇಕು. ನಮ್ಮ ಕೃಷಿ ವಿಜ್ಞಾನ ಕೇಂದ್ರಗಳಿಗೂ ಸಲಹಾ ಸಮಿತಿ ಅಂತ ಇದೆ, ಅದರಲ್ಲಿ ರೈತರು ಕೂರುತ್ತಾರೆ. ಮೂಡಿಗೆರೆಯದು ನಿಮಗೆ ಗೊತ್ತು, ಪಕ್ಕದ ಹಾಸನ ಜಿಲ್ಲೆಯಿಂದ ಬಂದವರಿಗೆ ಕಂದಲಿಯದು ಗೊತ್ತು. ಹಾಗಾಗಿ ಇದು ನಮಗೆ ಹೊಸದೇನಲ್ಲ.

ಇಲ್ಲಿ ಒಂದು ಹಳೆಯ ವಿಷಯ ಹೇಳಿ ಮುಂದೆ ಹೋಗುತ್ತೇನೆ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಆಗ ಮಲೆನಾಡಿನ ಅಡಿಕೆಗೆ ಕೊಳೆರೋಗದ ಕಾಟ. ಮಳೆಗಾಲಕ್ಕೆ ಮೊದಲು ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಹೊದಿಕೆ ಕಟ್ಟಿ ಕಾಪಾಡಿಕೊಳ್ಳುವುದು ತೋಟದವರಿಗೆ ಮೊದಲೇ ಗೊತ್ತಿತ್ತು. ಕೋಲ್ಮನ್ ಆ ರೋಗದ ಮೂಲ ಹುಡುಕಿ, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಬಳಕೆಗೆ ತಂದರು. ಇವತ್ತಿಗೂ ಮಳೆ ಹಿಡಿಯುವ ಮುಂಚೆ ತೋಟತೋಟದಲ್ಲಿ ಮೈಲುತುತ್ತ, ಸುಣ್ಣ ಕಲಸುತ್ತಾರಲ್ಲ, ಅದರ ಹಿಂದೆ ಈ ಕಥೆ ಇದೆ. ಆಮೇಲೆ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆಯಿತು. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ನೀವೆಲ್ಲ 795 ಅಂತ ಕರೆಯುವ ಅರೇಬಿಕಾ ತಳಿ ಅಲ್ಲಿಂದಲೇ ಬಂದದ್ದು. ಆ ಕೇಂದ್ರ ಏನನ್ನು ಅಧ್ಯಯನ ಮಾಡಬೇಕು ಅನ್ನುವುದನ್ನು ನಿರ್ಧರಿಸಿದ್ದು ತೋಟದ ಕಷ್ಟ. ಎಲೆಗೆ ತುಕ್ಕುರೋಗ ಬಂತು, ಕಾಂಡಕ್ಕೆ ಕೊರಕ ಬಂತು, ಅದೇ ಸಂಶೋಧನೆಯ ವಿಷಯ ಆಯಿತು. ನೂರು ವರ್ಷದ ಹಿಂದೆ ನಮ್ಮ ಜಿಲ್ಲೆಯಲ್ಲೇ ಆದ ಕೆಲಸ ಇದು. ನಮ್ಮ ಪದವಿ ಕಾಲೇಜುಗಳು ಅದನ್ನು ತಮ್ಮ ಅಳತೆಯಲ್ಲಿ ಮಾಡಬಾರದು ಅಂತ ಯಾರು ಹೇಳಿದರು?

ಈಗ ಕ್ಯಾಲೆಂಡರಿನ ಮಾತು. ನನ್ನ ಪ್ರಕಾರ ಊರು ಮತ್ತು ಕಾಲೇಜು ನಿಜವಾಗಿ ಸೇರುವುದು ಅಥವಾ ಬೇರೆಯಾಗುವುದು ಇಲ್ಲೇ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಹಿಡಿಯುತ್ತದೆ. ಅದು ಮುಗಿಯುವ ಹೊತ್ತಿಗೆ ರೊಬಸ್ಟಾ ಶುರು, ಅದರ ಹಿಂದೆಯೇ ಮೆಣಸು. ಆ ನಾಲ್ಕು ತಿಂಗಳಲ್ಲಿ ಕೆ.ಜಿ. ಲೆಕ್ಕದಲ್ಲಿ ಕೊಯ್ದರೆ ಮನೆಗೆ ವರ್ಷದ ಬೇರೆ ಯಾವ ಕಾಲದಲ್ಲೂ ಬರದ ದುಡ್ಡು ಬರುತ್ತದೆ. ಹಾಗಾಗಿ ಮಕ್ಕಳು ಕಾಲೇಜು ತಪ್ಪಿಸಿ ಅಮ್ಮನ ಜೊತೆ ಕೊಯ್ಲಿಗೆ ಹೋಗುತ್ತಾರೆ. ನಾವೇನು ಮಾಡುತ್ತೇವೆ? ಹಾಜರಿ ಶೇ 75 ಇಲ್ಲ ಅಂತ ನೋಟಿಸ್ ಹಾಕುತ್ತೇವೆ. ಅತ್ತ ಜೂನ್, ಜುಲೈಯಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ, ರಸ್ತೆಗೆ ಮರ ಬೀಳುತ್ತದೆ, ಬಸ್ ಬರುವುದಿಲ್ಲ. ಅದೂ ಪಾಠದ ದಿನವೇ. ಬೆಂಗಳೂರಿಗೋ ಮೈಸೂರಿಗೋ ಒಪ್ಪುವ ಕ್ಯಾಲೆಂಡರನ್ನು ಮಲೆನಾಡಿನ ಗೋಡೆಗೆ ನೇತುಹಾಕಿದ್ದೇವೆ.

ಡಿಗ್ರಿ ಪರೀಕ್ಷೆಯ ದಿನಾಂಕ ನಮ್ಮ ಕೈಯಲ್ಲಿಲ್ಲ, ಅದು ವಿಶ್ವವಿದ್ಯಾಲಯದ್ದು. ಆದರೆ ಸಮುದಾಯ ಕಾಲೇಜಿನ ಸರ್ಟಿಫಿಕೇಟ್ ಕೋರ್ಸಿನ ವಿಷಯ ಹಾಗಲ್ಲ. ಆಗಲೇ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಬಿಟ್ಟು ಹೋಗಿ ಮತ್ತೆ ಬರಬಹುದು ಅಂತ. ಅದನ್ನು ಬಳಸಿಕೊಳ್ಳಿ. ಕೊಯ್ಲಿನ ಕಾಲದಲ್ಲಿ ತರಗತಿ ನಿಲ್ಲಿಸಿ, ಕೋರ್ಸಿನ ಕೈಕೆಲಸದ ಭಾಗವನ್ನು ತೋಟದಲ್ಲೇ ಇಡಿ. ಪಲ್ಪರ್ ಓಡುತ್ತಿರುವುದು ಆಗಲೇ, ಕಣದಲ್ಲಿ ಪಾರ್ಚ್‌ಮೆಂಟ್ (ಪಲ್ಪ್ ಮಾಡಿದ ಕಾಫಿ ಬೀಜ) ಒಣಗುತ್ತಿರುವುದು ಆಗಲೇ, ಯಂತ್ರ ಕೆಡುವುದೂ ಆಗಲೇ. ಕಲಿಯುವ ಹುಡುಗ ಅಲ್ಲೇ ಇದ್ದಾನೆ, ಕೂಲಿಯೂ ಸಿಗುತ್ತಿದೆ. ತರಗತಿಯಲ್ಲಿ ಕೂತು ಕಲಿಯಬೇಕಾದ್ದನ್ನು ಏಪ್ರಿಲ್, ಮೇ ತಿಂಗಳಿಗೂ ಮಳೆ ಕಡಿಮೆಯಾದ ಸೆಪ್ಟೆಂಬರಿಗೂ ಹಾಕಿ. ಹಾಸನದವರು ಇದನ್ನೇ ಆಲೂಗಡ್ಡೆಗೆ ಹೊಂದಿಸಿಕೊಳ್ಳಬೇಕು. ಜಲಂಧರದಿಂದ ಬಿತ್ತನೆ ಗಡ್ಡೆ ಬಂದು ಮುಂಗಾರು ಮಳೆ ಬಿದ್ದ ಮೇಲೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅಂಗಮಾರಿ ರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ತರಬೇತಿ ಶಿಬಿರ ಇಟ್ಟರೆ ಬರುವವರು ಯಾರು?

ಪಾಠ ಯಾರು ಮಾಡಬೇಕು? ವೀಡ್ ಕಟರ್ ಬಿಚ್ಚಿ ಜೋಡಿಸುವುದನ್ನು ನಾನು ಹೇಳಿಕೊಡಲಾರೆ, ನಿಮ್ಮಲ್ಲಿ ಹೆಚ್ಚಿನವರೂ ಹೇಳಿಕೊಡಲಾರಿರಿ. ಅದನ್ನು ಬಲ್ಲವರು ಪೇಟೆಯ ಯಾವುದೋ ಸಣ್ಣ ಅಂಗಡಿಯಲ್ಲಿ ಗ್ರೀಸ್ ಮೆತ್ತಿದ ಕೈಯಲ್ಲಿ ಕೂತಿದ್ದಾರೆ. ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವುದನ್ನು ಬಲ್ಲ ಮೇಸ್ತ್ರಿ ಹತ್ತನೇ ತರಗತಿ ಮುಟ್ಟಿಲ್ಲದಿರಬಹುದು. ಯಾವ ಕೊಂಬೆ ಕಡಿದರೆ ಗಿಡಕ್ಕೆ ಎಷ್ಟು ಬಿಸಿಲು ಬೀಳುತ್ತದೆ ಅನ್ನುವುದು ಅವರ ಕಣ್ಣಿಗೆ ಗೊತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಕುಶಲಕರ್ಮಿಗಳನ್ನು ಪಾಠಕ್ಕೆ ಕರೆತರಬೇಕು ಅನ್ನುತ್ತದೆ. 2022ರಲ್ಲಿ ಯುಜಿಸಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅನ್ನುವ ಹುದ್ದೆಗೆ ದಾರಿ ಮಾಡಿತು. ಅದಕ್ಕೆ ಪಿಎಚ್.ಡಿ. ಬೇಡ, ಕ್ಷೇತ್ರದಲ್ಲಿ 15 ವರ್ಷದ ಅನುಭವ ಇರಬೇಕು. ಅಷ್ಟು ದೂರ ಹೋಗಲು ಆಗದ ಸಣ್ಣ ಕಾಲೇಜು ವಾರಕ್ಕೊಂದು ತರಗತಿಯಿಂದ ಶುರು ಮಾಡಬಹುದು.

ಆದರೆ ಎರಡು ವಿಷಯ ಗಮನದಲ್ಲಿರಲಿ. ಮೆಕ್ಯಾನಿಕ್ ಅರ್ಧ ದಿನ ಅಂಗಡಿ ಮುಚ್ಚಿ ಬರುತ್ತಾರೆ, ಆ ಅರ್ಧ ದಿನದ ಸಂಪಾದನೆ ನಾವು ಕೊಡಬೇಕು. ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು ಬೇಡ. ಇನ್ನೊಂದು, ಅವರಿಗೆ ಕೆಲಸ ಗೊತ್ತು, ಆದರೆ ಭಾಷಣದ ಹಾಗೆ ಪಾಠ ಮಾಡಿ ಅಂದರೆ ಗಂಟಲು ಕಟ್ಟುತ್ತದೆ. ಆದ್ದರಿಂದ ಒಬ್ಬ ಅಧ್ಯಾಪಕರು ಜೊತೆಗಿರಲಿ. ಅವರು ಕೈಯಲ್ಲಿ ಮಾಡಿ ತೋರಿಸಲಿ, ಇವರು ಪಕ್ಕದಲ್ಲಿ ನಿಂತು ‘ಈಗ ಯಾಕೆ ಹಾಗೆ ಮಾಡಿದ್ರಿ ಅಣ್ಣ?’ ಅಂತ ಕೇಳುತ್ತಾ ಬರೆದುಕೊಳ್ಳಲಿ. ಒಂದು ವರ್ಷ ಹೀಗೆ ಬರೆದುಕೊಂಡರೆ ಕನ್ನಡದಲ್ಲಿ ಒಂದು ಒಳ್ಳೆಯ ಕೈಪಿಡಿ ತಯಾರಾಗುತ್ತದೆ. ಇಂಥ ಕೈಪಿಡಿಗಳು ನಮ್ಮ ಭಾಷೆಯಲ್ಲಿ ಎಷ್ಟು ಕಡಿಮೆ ಅಂತ ಹುಡುಕಿದವರಿಗೆ ಗೊತ್ತು. ನನಗೆ ಇದರ ಬಗ್ಗೆ ತುಂಬಾ ಆಸೆ ಇದೆ.

ಇಷ್ಟು ಹೊತ್ತು ಊರು ಕಾಲೇಜಿಗೆ ಏನು ಕೊಡುತ್ತದೆ ಅಂತ ಹೇಳಿದೆ. ಕಾಲೇಜು ಊರಿಗೆ ಏನು ಕೊಡಬೇಕು? ಮಲೆನಾಡಿನವರಿಗೆ ಮುಯ್ಯಾಳು ಗೊತ್ತು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಾಳೆ ನಮ್ಮ ನಾಟಿಗೆ ನಿಮ್ಮ ಮನೆಯಿಂದ ಇಬ್ಬರು ಬರಬೇಕು. ಕಾಲೇಜಿನ ಸಹಭಾಗಿತ್ವವೂ ಇದೇ ರೀತಿಯ ಲೆಕ್ಕ. ಮತ್ತು ನನ್ನ ಗಟ್ಟಿ ಅಭಿಪ್ರಾಯ ಏನಂದರೆ, ಮೊದಲ ಆಳು ಕಾಲೇಜಿನ ಕಡೆಯಿಂದ ಹೋಗಬೇಕು. ದೇಣಿಗೆ ಕೇಳಲು ಹೋಗುವ ಮುಂಚೆ ಕೆಲಸ ಮಾಡಿಕೊಡಲು ಹೋಗಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಹಳೆಯ ತೋಟದ ಮನೆಗಳಲ್ಲಿ ಮಳೆ ಅಳೆಯುವ ಪಾತ್ರೆ ಇರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಎಷ್ಟು ಇಂಚು, ಎಷ್ಟು ಸೆಂಟು ಅಂತ ಪುಸ್ತಕದಲ್ಲಿ ಬರೆದಿಡುವುದು ರೂಢಿ. ಅಜ್ಜ ಬರೆದ ಪುಸ್ತಕ ಇದೆ, ಅಪ್ಪ ಬರೆದದ್ದಿದೆ, ಈಗ ಮಗ ಬರೆಯುತ್ತಿದ್ದಾನೆ. ತೋಟತೋಟದ ಹೀಗೊಂದು ದಾಖಲೆ ಬೇರೆ ಎಲ್ಲಿ ಸಿಗುತ್ತದೆ? ಆದರೆ ಆ ಪುಸ್ತಕಗಳು ಕಪಾಟಿನಲ್ಲಿ ಗೆದ್ದಲಿಗೆ ಹೆದರಿಕೊಂಡು ಕೂತಿವೆ. ನಮ್ಮ ಭೂಗೋಳ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಭಾಗದ ಮಕ್ಕಳು ಆ ಮನೆಗಳಿಗೆ ಹೋಗಿ ಪುಟಗಳ ಫೋಟೊ ತೆಗೆದು, ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ, ಒಂದು ಪ್ರತಿ ಮನೆಯವರಿಗೇ ಕೊಡಬಹುದು. ಪುಸ್ತಕ ಅವರದೇ, ಅಂಕಿ ಅವರದೇ, ಅವರ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕೊಡಬಾರದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯ ಕಡೆ ಗುಡ್ಡ ಜರಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಯಾವ ಹೋಬಳಿಯಲ್ಲಿ ಎಷ್ಟು ದಿನ ಸತತವಾಗಿ ಎಷ್ಟು ಮಳೆ ಬಿತ್ತು ಅನ್ನುವ ಹಳೆಯ ಲೆಕ್ಕ ಒಂದೆಡೆ ಸಿಕ್ಕರೆ ಗ್ರಾಮ ಪಂಚಾಯಿತಿಗೆ ಅದು ಎಷ್ಟು ಉಪಯೋಗ ಅಂತ ಯೋಚಿಸಿ. ಮಕ್ಕಳಿಗೆ ಪ್ರಾಜೆಕ್ಟ್ ಆಯಿತು, ಮನೆಯವರ ದಾಖಲೆ ಉಳಿಯಿತು, ಪಂಚಾಯಿತಿಗೆ ಕೈಗೊಂದು ಆಧಾರ ಸಿಕ್ಕಿತು. ಖರ್ಚು ಬಸ್ ಚಾರ್ಜು ಮತ್ತು ಒಂದು ಕಂಪ್ಯೂಟರ್.

ಹಾಸನದಲ್ಲೂ ಇಂಥ ನೆಲ ಇದೆ. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಶುರುವಾದದ್ದೇ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಊರಿನ ಒಂದು ಸಂಸ್ಥೆ ಮೂರೂ ಸೇರಿ. ಕಾರೆಕೆರೆಯ ಕೃಷಿ ಕಾಲೇಜಿನ ಮಕ್ಕಳು ಕೊನೆಯ ವರ್ಷ ಹಳ್ಳಿಯಲ್ಲಿ ಹೋಗಿ ಉಳಿಯುತ್ತಾರೆ, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ, ಕೆರೆ ಎಲ್ಲಿ, ಹೊಲ ಎಲ್ಲಿ ಅಂತ ಊರಿನವರ ಬಾಯಿಂದಲೇ ಕೇಳಿ ಗುರುತು ಹಾಕುತ್ತಾರೆ. ಬೇಲೂರು, ಹಳೇಬೀಡು 2023ರಲ್ಲಿ ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿನ ಗೈಡುಗಳು ವರ್ಷಗಟ್ಟಲೆ ಬಾಯಿಪಾಠದಿಂದ ಕಲಿತವರು. ಅವರನ್ನು ಇತಿಹಾಸ ವಿಭಾಗಕ್ಕೆ ಕರೆಸಿ, ಅವರಿಂದ ಕಥೆ ಹೇಳುವುದನ್ನು ನಮ್ಮ ಮಕ್ಕಳು ಕಲಿಯಲಿ. ಶಾಸನದಲ್ಲಿ ನಿಜಕ್ಕೂ ಏನಿದೆ ಅನ್ನುವುದನ್ನು ನಮ್ಮ ಅಧ್ಯಾಪಕರು ಅವರಿಗೆ ಓದಿ ಹೇಳಲಿ.

ಇನ್ನೊಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕು. ಇಂಟರ್ನ್‌ಶಿಪ್ ಹೆಸರಲ್ಲಿ ಮಕ್ಕಳನ್ನು ಪುಕ್ಕಟೆ ಆಳು ಮಾಡಬಾರದು. ಹೋಂಸ್ಟೇಗೆ ಕಳಿಸುತ್ತೇವೆ, ಎರಡು ತಿಂಗಳು ಬೆಡ್‌ಶೀಟ್ ಮಡಚಿಸುತ್ತಾರೆ, ಕೊನೆಗೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಬುಕಿಂಗ್ ಹೇಗೆ ಬರುತ್ತದೆ, ದರ ಹೇಗೆ ಕಟ್ಟುತ್ತಾರೆ, ಮಳೆಗಾಲದಲ್ಲಿ ಖರ್ಚು ಹೇಗೆ ನಿಭಾಯಿಸುತ್ತಾರೆ ಅನ್ನುವುದು ಆ ಹುಡುಗಿಗೆ ಗೊತ್ತಾಗುವುದೇ ಇಲ್ಲ. ಕಳಿಸುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲ ವಾರ ಏನು ಕಲಿಸುತ್ತೀರಿ, ಎರಡನೇ ವಾರ ಏನು, ದಿನಕ್ಕೆ ಎಷ್ಟು ಕೊಡುತ್ತೀರಿ, ರಾತ್ರಿ ಮನೆಗೆ ಯಾರು ಬಿಡುತ್ತಾರೆ. ಹೆಣ್ಣುಮಕ್ಕಳ ಮನೆಯವರು ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದೆ ಕಳಿಸುವುದೇ ಇಲ್ಲ, ಅವರು ಹಾಗೆ ಮಾಡುವುದು ಸರಿ. ಈ ಹಾಳೆಗೆ ಒಪ್ಪದವರ ಹತ್ತಿರ ಮಕ್ಕಳನ್ನು ಕಳಿಸಬೇಡಿ. ಅವರು ಎಷ್ಟೇ ದೊಡ್ಡ ದಾನಿಗಳಾಗಿರಲಿ.

ಇದೆಲ್ಲ ಎಷ್ಟು ವರ್ಷ ಬಾಳುತ್ತದೆ? ಸರ್ಕಾರಿ ಕಾಲೇಜಿನಲ್ಲಿ ಒಬ್ಬ ಉತ್ಸಾಹಿ ಅಧ್ಯಾಪಕರು ಬರುತ್ತಾರೆ, ಊರನ್ನೆಲ್ಲ ಓಡಾಡಿ ಸಂಬಂಧ ಕಟ್ಟುತ್ತಾರೆ. ವರ್ಗಾವಣೆಯ ಕೌನ್ಸೆಲಿಂಗ್ ಆಗುತ್ತದೆ, ಬೇರೆ ಊರಿಗೆ ಹೋಗುತ್ತಾರೆ. ಅವರ ಮೊಬೈಲಿನಲ್ಲಿದ್ದ ನಂಬರುಗಳೂ ಅವರ ಜೊತೆಗೇ ಹೋಗುತ್ತವೆ. ಆದ್ದರಿಂದ ಪ್ರತಿ ಕೆಲಸಕ್ಕೂ ಇಬ್ಬರಿರಬೇಕು, ಅದರಲ್ಲಿ ಒಬ್ಬರು ಊರಿನವರೇ ಆಗಿರಬೇಕು. ನಮ್ಮಲ್ಲಿ ಎಷ್ಟೋ ಕಾಲೇಜು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರಲ್ಲಿ ಹೆಚ್ಚಿನವರು ಇದೇ ತಾಲ್ಲೂಕಿನವರು, ಇಲ್ಲೇ ಉಳಿಯುವವರು. ಇದನ್ನೆಲ್ಲ ನೋಡಿಕೊಳ್ಳುವ ಸಮಿತಿಯಲ್ಲಿ ಅವರಿಗೂ ಜಾಗ ಕೊಡಿ, ಈ ಕೆಲಸಕ್ಕೆ ಕೊಡುವ ಸಮಯವನ್ನು ಅವರ ಕಾರ್ಯಭಾರದಲ್ಲಿ ಸೇರಿಸಿ. ಒಂದು ರಿಜಿಸ್ಟರ್ ಇಡಿ. ಯಾರನ್ನು ಭೇಟಿ ಮಾಡಿದೆವು, ಅವರು ಏನು ಕೇಳಿದರು, ನಾವು ಏನು ಮಾಡುತ್ತೇವೆ ಅಂದೆವು, ಮಾಡಿದೆವಾ ಇಲ್ಲವಾ. ಆ ಕೊನೆಯ ಕಾಲಂ ಖಾಲಿ ಬಿಡಬೇಡಿ. ವರ್ಷಕ್ಕೊಮ್ಮೆ ಆ ರಿಜಿಸ್ಟರನ್ನು ಊರಿನವರ ಮುಂದೆ ಜೋರಾಗಿ ಓದಿ ಹೇಳಿ.

ದುಡ್ಡು ಎಲ್ಲಿಂದ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ನ್ಯಾಯವಾದ ಪ್ರಶ್ನೆ. ರಿಪೇರಿ ಕೋರ್ಸನ್ನೇ ತೆಗೆದುಕೊಳ್ಳೋಣ. ಹೊಸ ವರ್ಕ್‌ಶಾಪ್ ಕಟ್ಟುವುದು ಬೇಡ. ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ವರ್ಕ್‌ಶಾಪ್ ಇದೆ, ಭಾನುವಾರ ಖಾಲಿ ಇರುತ್ತದೆ. ಪಾಲಿಟೆಕ್ನಿಕ್‌ಗಳ ಮೂಲಕ ಸುತ್ತಲಿನ ಹಳ್ಳಿಯವರಿಗೆ ಕೆಲಸ ಕಲಿಸುವ ಕೇಂದ್ರದ ಯೋಜನೆ 1978–79ರಿಂದಲೂ ಇದ್ದದ್ದೇ, ಹಾಗಾಗಿ ಅವರಿಗೆ ಈ ಕೆಲಸ ಹೊಸದಲ್ಲ. ಅಭ್ಯಾಸಕ್ಕೆ ಯಂತ್ರ ಕೊಳ್ಳುವುದೂ ಬೇಡ. ತೋಟದ ಶೆಡ್ಡುಗಳಲ್ಲಿ ಕೆಟ್ಟು ಬಿದ್ದಿರುವ ಯಂತ್ರಗಳೇ ಸಾಕು. ಬೆಳೆಗಾರರು ಬಿಡಿಭಾಗದ ದುಡ್ಡು ಕೊಡಲಿ, ಮಕ್ಕಳು ಮೆಕ್ಯಾನಿಕ್ ಜೊತೆ ಕೂತು ಸರಿ ಮಾಡಿ ವಾಪಸ್ ಕೊಡಲಿ. ಸರಿ ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಬರೆದು ಕೊಡಲಿ. ಉಳಿದದ್ದು ಮೆಕ್ಯಾನಿಕ್ ಸಂಭಾವನೆ, ಅದನ್ನು ಕಾಲೇಜು ಅಭಿವೃದ್ಧಿ ಸಮಿತಿ ಭರಿಸಬಹುದು. ಸರ್ಕಾರಿ ಕಾಲೇಜಿನಲ್ಲಿ ಆ ಸಮಿತಿಗೆ ಶಾಸಕರೇ ಅಧ್ಯಕ್ಷರು, ಅವರ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದಿಲ್ಲ.

ಹಿಂದಿನ ಸಾಲಿನಲ್ಲಿ ಮೂಡಿಗೆರೆಯಿಂದ ಬಂದಿರುವ ಇಬ್ಬರು ಬೆಳೆಗಾರರು ತಮ್ಮಲ್ಲಿ ಕೆಟ್ಟ ವೀಡ್ ಕಟರ್ ಇದೆ, ಕೊಡುತ್ತೇವೆ ಅಂತ ಚಹಾದ ಹೊತ್ತಿನಲ್ಲಿ ಹೇಳಿದರು. ಪಾಲಿಟೆಕ್ನಿಕ್‌ನವರೂ ಇಲ್ಲೇ ಇದ್ದೀರಿ. ಊಟಕ್ಕೆ ಏಳುವ ಮುಂಚೆ ದಯವಿಟ್ಟು ಒಬ್ಬರ ನಂಬರ್ ಒಬ್ಬರು ತೆಗೆದುಕೊಳ್ಳಿ, ಯಾವ ಭಾನುವಾರ ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಕೊಯ್ಲು ಹಿಡಿಯುವುದಕ್ಕೆ ಮುಂಚಿನ ದಿನ ಆಗಿರಲಿ.